ಮಗ್ಗದ ಮೇಲಿಟ್ಟ ಹಾರ್ಡ್ ಡಿಸ್ಕ್

ನಮ್ಮ ವಂಶದಲ್ಲಿ ಡಿಗ್ರಿ ಓದಿದವನು ನಾನೇ ಮೊದಲು. ಅಪ್ಪ ಸೀರೆಗೆ ನೇಯುವ ಅಂಚುಗಳ ನಕ್ಷೆಗಳನ್ನೆಲ್ಲ ನಾನೇ ಕಂಪ್ಯೂಟರಿಗೆ ಏರಿಸಿದ್ದೆ. ಕಾಗದದಲ್ಲಿದ್ದವನ್ನು ಆಮೇಲೆ ಗೆದ್ದಲು ತಿಂದಿತು. ಈಗ ಕಂಪ್ಯೂಟರೂ ಕೈಕೊಡುತ್ತಿತ್ತು. "ಇನ್ನೊಮ್ಮೆ ಆರಿದರ ಮತ್ತ ಏಳಂಗಿಲ್ರಿ," ಎಂದಿದ್ದ ರಿಪೇರಿಯವನು. ಗದ್ವಾಲಿಗೆ ಹೋಗಿ ದೊಡ್ಡ ಹಾರ್ಡ್ ಡಿಸ್ಕ್ ತಂದೆ.

"ಹೊಸಾದು ಏನ ತಂದರೂ ಮೊದಲ ಮಗ್ಗದ ಮ್ಯಾಲ ಇಡಬೇಕಪಾ," ಎಂದು ಅವ್ವ ಅದಕ್ಕೆ ಕುಂಕುಮ ಹಚ್ಚಿದಳು. ಅಲ್ಲಿಯೇ ಇಟ್ಟು, ಕಂಪ್ಯೂಟರಿಗೆ ವೈರು ಜೋಡಿಸಿ, ನಕ್ಷೆಗಳನ್ನು ಅದಕ್ಕೆ ನಕಲು ಮಾಡಲು ಹಚ್ಚಿದೆ. ಅಪ್ಪ ನೇಯುತ್ತಲೇ ಇದ್ದ. ಎಳೆ ಕೂಡಿಸಲು ಬಡಿದಾಗಲೆಲ್ಲ ಡಿಸ್ಕೂ ಅದುರುತ್ತಿತ್ತು. ನಾನು ಪರದೆಯನ್ನಷ್ಟೇ ನೋಡುತ್ತಿದ್ದೆ.

ಅರ್ಧಕ್ಕೆ ನಕಲು ನಿಂತಿತು. ಅಪ್ಪ ನೇಯುವುದು ಬಿಟ್ಟು ಕಿವಿಗೊಟ್ಟ.

"ಮಗ್ಗ ನಿಂತೈತಿ. ಮತ್ತ ಟಕ್ ಟಕ್ ಅನ್ನೋದು ಏನೋ ಅದು, ಡಿಗ್ರಿ ಸಾಹೇಬ?"

ಡಿಸ್ಕಿನೊಳಗೆ ಏನೋ ಬಡಿದುಕೊಳ್ಳುತ್ತಿತ್ತು. ನಾನು ವೈರಿಗೆ ಕೈಚಾಚುವಷ್ಟರಲ್ಲಿ ಕಂಪ್ಯೂಟರಿನ ಪರದೆ ಒಮ್ಮೆ ಮಿಣುಕಿತು.