ಸೂಜಿ ನಿಂತರೆ ಕಥೆಯೂ ನಿಲ್ಲುತ್ತದೆ

ಕೌದಿಗೆ ಬೇಕಾದ ಬಟ್ಟೆ ಪುಕ್ಕಟೆ: ಹಳೆಯ ಅಂಗಿ, ಹರಿದ ಪರದೆ, ಸವೆದ ಹಾಸು. ಸೂಜಿ, ದಾರದ ಖರ್ಚು ಎರಡು ಸಲ ಟೀ ಕುಡಿದಷ್ಟು. ದುಬಾರಿ ಬೀಳುವುದು ಕೂತು ಹೊಲಿಯುವ ಮನಸ್ಸು. ಅದನ್ನು ಯಾವ ಅಂಗಡಿಯವನೂ ಮಾರುವುದಿಲ್ಲ.

ಶನಿವಾರ, ಬೆಳಗಿನ ಐದು ಗಂಟೆ. ಅಡುಗೆಮನೆಯ ನೆಲದ ಮೇಲೆ ಕೌದಿ ಹರಡಿದೆ. ಓಣಿಯವರು ‘ಕೌದಿಯಮ್ಮ’ ಎನ್ನುವ ಅತ್ತೆ ಕೊನೆಯ ಅಂಚು ಹೊಲಿಯುತ್ತಿದ್ದಾರೆ. ಎದುರಿಗೆ ಕೂತ, ಬಸ್ ಕಂಡಕ್ಟರ್ ಆಗಿರುವ ಸೊಸೆ ನಿನ್ನೆ ಬಸ್ಸಿನಲ್ಲಿ ನಡೆದದ್ದನ್ನು ಹೇಳುತ್ತಿದ್ದಾರೆ.

“ಆ ಅಜ್ಜ ಮೆಲ್ಲಗೆ ಬುಟ್ಟಿ ಮುಚ್ಚಳ ತೆಗೆದ್ರು. ಒಳಗಿಂದ...”

“ಒಳಗಿಂದ ಏನು?”

“ನಿಮ್ಮ ಸೂಜಿ ನಿಂತಿದೆ ಅತ್ತೆ.”

“ಹೊಲೀತೀನಿ, ಹೇಳೇ ತಾಯಿ.”

ಮೂವತ್ತು ವರ್ಷ ಹೊಲಿದ ಕೈ ಹೋದ ವರ್ಷ ನಿಂತುಬಿಟ್ಟಿತ್ತು. “ಕಣ್ಣು, ಬೆನ್ನು ಎಲ್ಲಾ ಸರಿಯಾಗೇ ಇತ್ತು. ಒಬ್ಬಳೇ ಗೋಡೆ ನೋಡ್ಕೊಂಡು ಎಷ್ಟು ಅಂತ ಹೊಲೀಲಿ? ಸೂಜಿ ಹಿಡಿದ್ರೆ ಆಕಳಿಕೆ.” ಓಣಿಯ ಕ್ಷೌರದಂಗಡಿಯವರು ತಮ್ಮ ಮಗಳಿಗೆಂದು ಹೊಲಿಯಲು ಹೇಳಿದ್ದ ಕೌದಿ ಅರ್ಧಕ್ಕೇ ಪೆಟ್ಟಿಗೆ ಸೇರಿತು. ಹುಡುಗಿ ನಾಳೆ ಹಾಸ್ಟೆಲ್‌ಗೆ ಹೊರಡುತ್ತಾಳೆ.

“ಅಮ್ಮಾ, ನೀವು ಮುಗಿಸೋದ್ರೊಳಗೆ ಅವಳು ಓದು ಮುಗಿಸಿ ವಾಪಸ್ ಬರ್ತಾಳೆ” ಎಂದು ಅವರು ಛೇಡಿಸುತ್ತಿದ್ದರು. ಅತ್ತೆ ನಗುತ್ತಿದ್ದರು. ಒಳಗೆ ಮಾತ್ರ ಅಳುಕು. “ಇದನ್ನ ಅರ್ಧಕ್ಕೇ ಬಿಟ್ಟರೆ ಇನ್ಯಾವತ್ತೂ ಸೂಜಿ ಮುಟ್ಟಲ್ಲ ಅನ್ನಿಸಿತ್ತು.”

ಆಗ ಸೊಸೆ ಒಂದು ಷರತ್ತು ಹಾಕಿದರು. ಸೂಜಿ ಓಡಿದರಷ್ಟೇ ಕಥೆ. ಕುತೂಹಲ ಕೆರಳುವ ಜಾಗದಲ್ಲಿ ಕಥೆ ನಿಲ್ಲಿಸಿ ಮೊದಲ ಬಸ್ಸಿಗೆ ಓಡುವುದು; ಸಂಜೆಯೊಳಗೆ ಒಂದು ಸಾಲು ಮುಗಿದಿದ್ದರೆ ಮುಂದಿನದು.

“ಮೋಸಗಾತಿ ಇವಳು” ಎನ್ನುತ್ತಾರೆ ಅತ್ತೆ. “ಮುಂದೇನಾಯ್ತು ಅಂತ ಯೋಚಿಸ್ತಾ ಹೊಲಿದ್ರೆ, ಎರಡು ಸಾಲು ಮುಗಿದಿರೋದೇ ಗೊತ್ತಾಗಲ್ಲ.”

“ಕಥೆ ಮುಗಿಸ್ಲಾ? ಒಳಗಿಂದ ಬಾತುಕೋಳಿ ಕತ್ತು ಚಾಚಿ, ನನ್ನನ್ನೇ ಟಿಕೆಟ್ ಕೇಳೋ ಹಾಗೆ ಕೂಗ್ತು.”

ನಗುತ್ತಲೇ ಅತ್ತೆ ಕೊನೆಯ ಗಂಟು ಹಾಕುತ್ತಾರೆ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ತೆರೆಯಲು ಎದ್ದರೆ ಕೌದಿಯೂ ಜೊತೆಗೇ ಎದ್ದು ಬರುತ್ತದೆ. ಕಥೆಯ ಗುಂಗಿನಲ್ಲಿ ತಮ್ಮ ನೀಲಿ ಸೀರೆಯ ಸೆರಗನ್ನೂ ಸೇರಿಸಿ ಹೊಲಿದಿದ್ದಾರೆ.

ಬಿಚ್ಚಿ ಹೊಲಿಯಲು ಹೊತ್ತಿಲ್ಲ. ಸೊಸೆ ಕತ್ತರಿ ತಂದು ಸೆರಗನ್ನೇ ಕತ್ತರಿಸಿ, ಕೌದಿಯಲ್ಲಿ ಉಳಿದ ತುಂಡಿನ ಅಂಚು ಮಡಚಿ ನಾಲ್ಕು ಹೊಲಿಗೆ ಹಾಕುತ್ತಾರೆ.

ಅಂಗಡಿ ತೆರೆಯುವ ಮೊದಲೇ ಕೌದಿ ಒಯ್ಯಲು ಬಂದ ಕ್ಷೌರದಂಗಡಿಯವರು ಒಳಬಂದು ಕೌದಿ ಸವರಿ ನೋಡುತ್ತಾರೆ. “ಈ ನೀಲಿ ತುಂಡು ಚೆನ್ನಾಗಿದೆ. ಎಲ್ಲಿಂದ ತಂದ್ರಿ?”

“ಮನೇಲೇ ಇತ್ತು ಬಿಡಪ್ಪ.”

ಹೋದದ್ದು ಒಳ್ಳೆಯ ಸೀರೆಯ ಒಂದು ಗೇಣು. ಕೌದಿ ನಾಳೆ ಹಾಸ್ಟೆಲ್ ಸೇರುತ್ತದೆ. ಸೊಸೆ ಬಸ್ಸಿಗೆ ಹೊರಡುವ ಮೊದಲೇ ಅತ್ತೆ ಮುಂದಿನ ಕೌದಿಗೆ ತುಂಡುಗಳನ್ನು ಜೋಡಿಸಲು ಕೂತಿದ್ದಾರೆ.