ಹಿಲ್ಲೆವಿಯಕ್ಕ ಈಗ ದನಗಳನ್ನು ಕೂಗುವುದಿಲ್ಲ

ನಮ್ಮ ಹಿಲ್ಲೆವಿಯಕ್ಕ ಒಮ್ಮೆ ಗಂಟಲೆತ್ತಿ ಕೂಗಿದರೆ ನಾರ್ವೆ ದೇಶದ ನಾನೂರು ಹಸುಗಳು ಹಗ್ಗ ಹರಿದುಕೊಂಡು ಗಡಿ ದಾಟಿ ಬರುತ್ತಿದ್ದವು. ಸುಳ್ಳಲ್ಲ, ಅವಕ್ಕೆ ದಾರಿ ಬಿಡಿಸಿದವನೇ ನಾನು, ಊರ ಪೇಪರಿಗೆ ಬರೆಯುವ ಸಿಕ್ಸ್‌ಟೆನ್.

ಆದರೆ ಈ ಬೆಳಗ್ಗೆ ಅಕ್ಕ ಕೂಗುತ್ತಿಲ್ಲ. ಸ್ವೀಡನ್ನಿನ ದಾಲಾರ್ನಾ ಸೀಮೆಯ ಗುಡ್ಡದ ಮೇಲಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ತಗಡಿನ ಬಕೆಟ್ಟನ್ನು ಸೌಟಿನಿಂದ ಬಡಿಯುತ್ತಿದ್ದಾರೆ. ದನಗಳು ಒಲ್ಲದ ಮನಸ್ಸಿನಿಂದ ಒಂದೊಂದಾಗಿ ಬರುತ್ತವೆ. ಲಿಲ್ಯಾ ಎಂಬ ಬಿಳಿ ಹಸು ಮಾತ್ರ ಬರುವುದಿಲ್ಲ. ಎಪ್ಪತ್ತೈದು ದಾಟಿದ ಅಕ್ಕ ಮಂಡಿ ಹಿಡಿದುಕೊಂಡು ಜೌಗಿಗೆ ಇಳಿಯುತ್ತಾರೆ.

"ಒಂದು ಕೂಗು ಹಾಕಿದ್ರೆ ಅದೇ ಓಡಿ ಬರ್ತಿತ್ತಲ್ಲಕ್ಕಾ?"

"ಮಂಡಿ ಹೋದ್ರೆ ಹೋಗ್ಲಿ, ಮಾನ ಇರ್ಲಿ. ಸುಮ್ನೆ ಬಾ."

ಕೂಗುವುದನ್ನು ಅವರಿಗೆ ಕಲಿಸಿದ್ದು ತಾಯಿ. ಹಾಲು ಹಿಂಡಿ, ಬೆಣ್ಣೆ ಕಡೆದು, ಚೀಸ್ ಮಾಡಿ ಉಳಿದ ನೀರನ್ನು ಕಂದುಬಣ್ಣದ ಸಿಹಿ ಮುದ್ದೆಯಾಗುವವರೆಗೆ ಕುದಿಸುವುದು ಬೇಸಿಗೆಯಿಡೀ ಇಂದಿಗೂ ನಡೆದಿರುವ ಕೆಲಸ. ಎಪ್ಪತ್ತರ ದಶಕದ ಅಂಥದೇ ಒಂದು ಬೇಸಿಗೆಯಲ್ಲಿ ಸ್ಟಾಕ್‌ಹೋಮಿನಿಂದ ಸಿನಿಮಾದವರು ಬಂದರು.

"ಗುಡ್ಡದ ಬದುಕಿನ ಚಿತ್ರ ಅಂದ್ರು. ಒಬ್ಬ ಮೈಕ್ ಹಿಡ್ಕೊಂಡು, 'ತಂಗೀ, ದನಗಳನ್ನ ಕೂಗು' ಅಂದ. ಕೂಗ್ದೆ. ಚೆನ್ನಾಗಿ ಬರ್ಲಿ ಅಂತ ಇನ್ನೊಂದ್ಸಲಾನೂ ಕೂಗ್ದೆ. ಆ ದರಿದ್ರದವ್ರಿಗೆ ಕಾಫಿ ಬೇರೆ ಕಾಸಿ ಕೊಟ್ಟೆ ನೋಡು!"

ತೆರೆಗೆ ಬಂದದ್ದು ದೇಶವೆಲ್ಲ ಬಾಯಿ ಬಡಿದುಕೊಂಡ ನೀಲಿಚಿತ್ರ. ಅದರ ನಾಯಕಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬಾಯಿ ತೆರೆದರೆ ಹೊರಡುವುದು ಹಿಲ್ಲೆವಿಯಕ್ಕನ ದನಿ. ಕಾಡಿನಿಂದ ಓಡೋಡಿ ಬರುವುದು ಮಾತ್ರ ದನಗಳಲ್ಲ, ಗಂಡಸರು.

ಆಮೇಲೆ ಅಕ್ಕ ಕೂಗಿದಾಗಲೆಲ್ಲ ಊರಿನ ಪಡ್ಡೆಗಳು ಮರಗಳ ಮರೆಯಿಂದ "ಅಂಬಾ, ಬಂದ್ವೀ!" ಎಂದು ಓಗೊಡತೊಡಗಿದರು. ಚರ್ಚಿನಲ್ಲಿ ಹಾಡಲು ಬಾಯಿ ತೆರೆದರೂ ಹಿಂದಿನ ಬೆಂಚು ಕಿಸಕ್ಕೆನ್ನುತ್ತಿತ್ತು. ಅಕ್ಕ ಬಕೆಟ್ಟು ಹಿಡಿದದ್ದು ಆಗ.

"ಅದೆಲ್ಲ ಈಗ ಯಾರಿಗೆ ನೆನಪಿದೆ ಬಿಡಕ್ಕಾ," ಎಂದು, ಲಿಲ್ಯಾಳನ್ನು ಹಿಡಿದು ತಂದು ಹಿಂಡಲು ಕೂತ ಅಕ್ಕನ ಸಮಾಧಾನಕ್ಕೆ ಹೊರಟೆ. "ನಾನಂತೂ ಆ ಚಿತ್ರ ನೋಡೇ ಇಲ್ಲ. ಯಾವನೋ ಒಂದೇ ಬೂಟು ಹಾಕ್ಕೊಂಡು ಓಡಿ ಬಂದ್ರೆ ಅದಕ್ಕೆ ನೀವೇನ್ ಮಾಡೋಕಾಗುತ್ತೆ?"

ಹಾಲು ಹಿಂಡುತ್ತಿದ್ದ ಕೈ ನಿಂತಿತು.

"ಒಂದೇ ಬೂಟಾ? ನಂಗೇ ಗೊತ್ತಿರ್ಲಿಲ್ಲ. ನೋಡ್ದೇ ಇರೋನಿಗೆ ಹೆಂಗೆ ಗೊತ್ತಾಯ್ತೋ, ಸಿಕ್ಸ್‌ಟೆನ್?"

ನಾನು ಹಸುವಿನ ಬಾಲ ನೋಡುತ್ತ ನಿಂತೆ. ಅಕ್ಕ ಮತ್ತೆ ಹಿಂಡತೊಡಗಿದರು.

"ಸಾಯೋದ್ರೊಳಗೆ ಒಂದ್ಸಲ ಬಾಯ್ತುಂಬ ಕೂಗ್ಬೇಕು ಕಣೋ. ದನ ಬಿಟ್ಟು ಬೇರೆ ಯಾರೂ ಓಗೊಡ್ಬಾರ್ದು. ಅಷ್ಟೇ ಆಸೆ. ಪೇಪರಿಗೆ ಬರೀತೀಯಲ್ಲ, ಬರಿ. ನಿನ್ ಹೆಸರೂ ಸೇರಿಸಿ ಬರಿ."

ಸೇರಿಸಿದ್ದೇನೆ. ಪೇಟೆಯ ಟಾಕೀಸಿನಲ್ಲಿ ನಾನು ಆ ಚಿತ್ರವನ್ನು ಎರಡು ಸಲ ನೋಡಿದೆ. ಮರುದಿನ ನಸುಕಿನಲ್ಲೇ ಈ ಗುಡ್ಡ ಹತ್ತಿ, ಮರದ ಹಿಂದೆ ಅಡಗಿ ನಿಂತು, ಎಲ್ಲರಿಗಿಂತ ಮೊದಲು "ಅಂಬಾ" ಅಂದವನು ನಾನೇ.