ಮಧ್ವರಾಜರ ಸುಣ್ಣದ ಗೆರೆ

ಲ್ಯಾಬಿನ ಮಧ್ವರಾಜ ಎಂದರೆ ಮಲೇಷ್ಯಾದ ನಿಲಾಯ್ ಊರಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾವುಟ ಹಿಡಿಯುವ ಅಂಕಲ್ ಎಂದರೆ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾ ಮಾಡುವವನೂ ಎದ್ದು ಬಂದು ಮನೆ ತೋರಿಸುತ್ತಿದ್ದ. ಉಡುಪಿ ಕಡೆಯವರು. ಮಣಿಪಾಲದ ಡಾಕ್ಟರುಗಳು ಮಲೇಷ್ಯಾಕ್ಕೆ ಪಾಠ ಹೇಳಲು ಹೊರಟಾಗ ಅವರ ಬೆನ್ನಿಗೇ ಬಂದು ಒಂದು ಮೆಡಿಕಲ್ ಕಾಲೇಜಿನಲ್ಲಿ ಟೆಕ್ನಿಷಿಯನ್ ಆಗಿ ಸೇರಿಕೊಂಡಿದ್ದರು. ದೇಹದ ಬಿಡಿಭಾಗಗಳನ್ನು ಗಾಜಿನ ಜಾಡಿಗಳಲ್ಲಿಟ್ಟು, ಚೀಟಿ ಅಂಟಿಸಿ, ಸಾಲಾಗಿ ಜೋಡಿಸುವುದು ಕೆಲಸ. ಒಂದು ಜಾಡಿ ಬೆರಳಗಲ ಆಚೀಚೆ ಆದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಇಂಥವರ ಜೊತೆ ಸಂಸಾರ ಹೇಗೆಂದು ಅವರ ಹೆಂಡತಿ ಜಲಜಾಕ್ಷಿಯನ್ನು ಕೇಳಬೇಕು. ಆಕೆ ಕೇಳದಿದ್ದರೂ ಹೇಳುತ್ತಿದ್ದರು.

ಈ ಮನುಷ್ಯನನ್ನು ಫುಟ್‌ಬಾಲಿಗೆ ಗಂಟು ಹಾಕಿದವನು ಕರ್ಮೆನು ಎಂಬ ಮಾಲ್ಟಾ ದೇಶದ ಸರ್ವೇಯರ್. ಹೊಸ ವಿಮಾನ ನಿಲ್ದಾಣದ ಕೆಲಸಕ್ಕೆ ಬಂದವನು ಅಳತೆ ಮಾಡಿಕೊಂಡು ತನ್ನ ಪಾಡಿಗೆ ಇರಬಹುದಿತ್ತು. ಅದು ಬಿಟ್ಟು, ಸೈಟಿನ ಕೂಲಿ ಹುಡುಗರು, ಎಸ್ಟೇಟಿನ ತಮಿಳು ಹುಡುಗರು, ಕಾಲೇಜಿನವರು ಎಲ್ಲರನ್ನೂ ಗುಡ್ಡೆ ಹಾಕಿ ಒಂದು ಕ್ಲಬ್ಬು ಕಟ್ಟಿದ. ತನ್ನ ಪುಟ್ಟ ಊರಿನ ಕ್ಲಬ್ಬಿನ ಕೆಂಪು ಹಳದಿ ಅಂಗಿಯನ್ನೇ ಇವರಿಗೂ ತೊಡಿಸಿದ. ಆ ಊರಿನಲ್ಲಿರುವುದು ಒಂದು ಇಗರ್ಜಿ, ಒಂದು ಕ್ಲಬ್ಬು, ಹುಲ್ಲೇ ಇಲ್ಲದ ಒಂದು ಜಲ್ಲಿ ಮೈದಾನವಂತೆ. ಹುಲ್ಲಿಲ್ಲದಿದ್ದರೂ ಸುಣ್ಣದ ಗೆರೆ ಮಾತ್ರ ನೆಟ್ಟಗಿರಬೇಕು ಎನ್ನುವವನು ಆತ. ಮಧ್ವರಾಜರ ಜಾಡಿಗಳ ಸಾಲನ್ನು ಒಮ್ಮೆ ನೋಡಿದ್ದೇ, ಅವರ ಕೈಗೆ ಸುಣ್ಣದ ಡಬ್ಬಿ ಕೊಟ್ಟ, ಬಾವುಟವನ್ನೂ ಕೊಟ್ಟ.

ಬಾವುಟದ ಸಂಗತಿ ಹೀಗೆ. ಜಿಲ್ಲಾ ಲೀಗಿನವರು ರೆಫರಿ ಒಬ್ಬನನ್ನು ಮಾತ್ರ ಕಳಿಸುತ್ತಿದ್ದರು. ಎರಡು ಬದಿಯ ಗೆರೆ ಕಾಯಲು ಆಡುವ ಕ್ಲಬ್ಬುಗಳೇ ಒಬ್ಬೊಬ್ಬರನ್ನು ಕೊಡಬೇಕು. ಚೆಂಡು ಪೂರ್ತಿ ಗೆರೆ ದಾಟಿದರೆ ಬಾವುಟ ಎತ್ತುವುದು, ಅಷ್ಟೇ ಕೆಲಸ. ತನ್ನವರ ಚೆಂಡು ತುಸು ಆಚೆ ಹೋದರೆ ಆ ಕ್ಷಣ ಆಕಾಶ ನೋಡುವುದು ಎಲ್ಲ ಕ್ಲಬ್ಬಿನವರ ರೂಢಿ. ಅದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ. ಮಧ್ವರಾಜರಿಗೆ ಆಕಾಶ ನೋಡಲು ಬರುತ್ತಿರಲಿಲ್ಲ. ಹುಡುಗರು ಇದಕ್ಕಾಗಿ ಅವರ ಕಾಲೆಳೆಯುತ್ತಿದ್ದರು, ಆದರೆ ಅವರ ಬಾವುಟವೆಂದರೆ ಎದುರಾಳಿಗಳೂ ಪಿಟ್ಟೆನ್ನದೆ ನಿಲ್ಲುತ್ತಾರೆಂಬ ಹೆಮ್ಮೆಯೂ ಆ ಹುಡುಗರಿಗೇ ಇತ್ತು.

ತೊಂಬತ್ತೆಂಟರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಕರ್ಮೆನು ಊರಿಗೆ ಹೋದ, ಸೈಟಿನ ಹುಡುಗರು ದಿಕ್ಕಾಪಾಲಾದರು. ಕ್ಲಬ್ಬಿನ ಹೊರೆ ವೇಲಾಯುಧಂ ಎಂಬ ಬಸ್ ಡ್ರೈವರನ ಹೆಗಲಿಗೆ ಬಿತ್ತು. ಮರುವರ್ಷದ ಕೊನೆಯ ಪಂದ್ಯದ ಹೊತ್ತಿಗೆ ಸ್ಥಿತಿ ಎಲ್ಲಿಗೆ ಬಂದಿತ್ತೆಂದರೆ, ಡ್ರಾ ಆದರೆ ಬಚಾವು, ಸೋತರೆ ಲೀಗಿನಿಂದ ಹೊರಗೆ. ಹೊರಗೆ ಬಿದ್ದವರ ಮೈದಾನ ಬೇರೆ ಕ್ಲಬ್ಬಿಗೆ. ಮೈದಾನ ಹೋದಮೇಲೆ ಕ್ಲಬ್ಬು ಉಳಿಯುವುದು ಅಂಗಿಗಳಲ್ಲಿ ಮಾತ್ರ.

ಹೆಚ್ಚು ಕಂಗಾಲಾದವರು ಮಧ್ವರಾಜರೇ. ಲ್ಯಾಬಿನಲ್ಲಿ ಅವರು ಎಲ್ಲ ಡಾಕ್ಟರುಗಳಿಗಿಂತ ಕೆಳಗಿನವರು, ಕರೆದಾಗ ಓಡಬೇಕಾದವರು. ಈ ಮೈದಾನದಲ್ಲಿ ಮಾತ್ರ ಅವರೊಬ್ಬರು ಕೈಯೆತ್ತಿದರೆ ಇಪ್ಪತ್ತೆರಡು ಜನ ಓಟ ನಿಲ್ಲಿಸುತ್ತಿದ್ದರು. ಅದು ಕೈಬಿಟ್ಟು ಹೋಗುತ್ತದೆಂಬ ಯೋಚನೆಯೇ ಅವರಿಗೆ ತಡೆಯಲಾಗುತ್ತಿರಲಿಲ್ಲ. ಜೊತೆಗೆ, ಹತ್ತೊಂಬತ್ತರ ಮಗ ಸುಮಂತ ಅದೇ ತಂಡದಲ್ಲಿ ಬಲಬದಿಯಲ್ಲಿ ಆಡುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಅವರು ಸುಣ್ಣದ ಡಬ್ಬಿ ಹಿಡಿದು ಹೊರಟಾಗ ಜಲಜಾಕ್ಷಿ ಬಾಗಿಲಲ್ಲೇ ನಿಂತಿದ್ದರು.

"ಎಂತ ಮಾರಾಯ್ರೆ, ಸುಣ್ಣ ಹೊಡೀಲಿಕ್ಕೆ ಮನೆ ಗೋಡೆ ಕಾಣುದಿಲ್ವಾ ನಿಮಗೆ?"

"ಬಂದು ಹೊಡೀತೇನೆ," ಎಂದರು ಮಧ್ವರಾಜರು. ಆರು ವರ್ಷದಿಂದ ಅದೇ ಉತ್ತರ.

ರಾತ್ರಿಯ ಮಳೆಗೆ ಹಳೆಯ ಗೆರೆಗಳೆಲ್ಲ ತೊಳೆದುಹೋಗಿದ್ದವು. ಅವರು ಕಾಯುವ ಬದಿಯ ಅಂಚಿನಲ್ಲಿ ಉದ್ದಕ್ಕೂ ಕೆಸರು. ಹಿಂದಿನ ವರ್ಷ ಅಲ್ಲೇ ಜಾರಿ ಸುಮಂತ ಮಂಡಿ ತಿರುಚಿಕೊಂಡಿದ್ದ, ಮೂರು ತಿಂಗಳು ಕುಂಟಿದ್ದ. ಮಧ್ವರಾಜರು ಸುತ್ತ ನೋಡಿದರು. ಮೈದಾನದಲ್ಲಿ ನರಪಿಳ್ಳೆಯೂ ಇರಲಿಲ್ಲ. ಹಗ್ಗ ಕಟ್ಟಿದ ಗೂಟಗಳನ್ನು ಕಿತ್ತು, ಎರಡು ಮೊಳ ಒಳಗೆ, ಗಟ್ಟಿ ನೆಲದ ಮೇಲೆ ನೆಟ್ಟರು. ಆ ಹಗ್ಗದ ಗುಂಟ ಗೆರೆ ಎಳೆದರು. ಗೆರೆ ಎಂದಿನಂತೆ ನೆಟ್ಟಗೇ ಇತ್ತು, ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅಷ್ಟೇ. ಯಾರ ಗಮನಕ್ಕೂ ಅದು ಬರಲಿಲ್ಲ.

ಪಂದ್ಯ ಮುಗಿಯಲು ಮೂರು ನಿಮಿಷವಿರುವಾಗ ಕೆಂಪು ಹಳದಿಯವರು ಒಂದು ಗೋಲು ಹಿಂದಿದ್ದರು. ಆಗ ಸುಮಂತ ಚೆಂಡು ಹಿಡಿದು ಅಪ್ಪನ ಬದಿಯಲ್ಲೇ ನುಗ್ಗಿದ. ಮಧ್ವರಾಜರು ಏದುಸಿರು ಬಿಡುತ್ತ ಗೆರೆಯ ಪಕ್ಕದಲ್ಲೇ ಓಡಿದರು. ಒಬ್ಬನನ್ನು ತಪ್ಪಿಸುವಾಗ ಚೆಂಡು ಗೆರೆ ದಾಟಿತು, ಪೂರ್ತಿಯಾಗಿ, ಒಂದು ಗೇಣು ಆಚೆ. ಸುಮಂತ ನಿಲ್ಲಲಿಲ್ಲ, ಚೆಂಡನ್ನು ಒಳಗೆಳೆದು ತಂದು ಎತ್ತಿ ಹೊಡೆದ. ಗೋಲಿನ ಮುಂದಿದ್ದ ತಮ್ಮವನೊಬ್ಬ ಚೆಂಡಿಗೆ ತಲೆ ಕೊಟ್ಟ. ಗೋಲು! ವೇಲಾಯುಧಂ ಮೈದಾನದೊಳಕ್ಕೇ ಓಡಿಬಂದ.

ಹಳೆಯ ಗೆರೆಯಾಗಿದ್ದರೆ ಅದು ಒಳಗಿನ ಚೆಂಡು. ಈ ಲೋಕದಲ್ಲಿ ಅದು ತನಗೊಬ್ಬನಿಗೇ ಗೊತ್ತು ಎಂದು ಮಧ್ವರಾಜರಿಗೆ ಅನ್ನಿಸಿತು. ಆದರೆ ಅವರ ಕೈ ಅಷ್ಟರಲ್ಲೇ ಮೇಲಿತ್ತು. ಯೋಚಿಸಿ ಎತ್ತಿದ್ದಲ್ಲ. ಇಳಿಸಬಹುದಿತ್ತು, ಅದನ್ನು ಮಾತ್ರ ಯೋಚಿಸಿಯೇ ಇಳಿಸಲಿಲ್ಲ. ರೆಫರಿ ಬಾವುಟ ನೋಡಿದ, ಗೋಲು ಇಲ್ಲವೆಂದು ಕೈಯಾಡಿಸಿದ.

ಪಂದ್ಯ ಮುಗಿದ ಮೇಲೆ ಹುಡುಗರು ಯಾರೂ ಅವರ ಕಡೆ ಬರಲಿಲ್ಲ. ಬಂದವನು ವೇಲಾಯುಧಂ. ಅವನು ಬೈದಿದ್ದರೆ ವಾಸಿಯಿತ್ತು.

"ಅಂಕಲ್, ಒಂದ್ ಸಲ ಮೇಲೆ ನೋಡಿದ್ರೆ ಸಾಕಿತ್ತು ಲಾ," ಎಂದ. "ಮುಂದಿನ ತಿಂಗಳಿಂದ ಈ ಗ್ರೌಂಡ್ ನಮ್ದಲ್ಲ. ಇನ್ನು ಕ್ಲಬ್ಬೂ ಇಲ್ಲ."

ಮಧ್ವರಾಜರು ಬಾವುಟವನ್ನು ಮಡಚಿ ಅವನ ಕೈಗೆ ಕೊಟ್ಟರು. ಗೆರೆಯ ವಿಷಯಕ್ಕೆ ಬಾಯಿ ಬಿಡಲಿಲ್ಲ.

ಕಾರಿನಲ್ಲಿ ಅಪ್ಪ, ಮಗ ಇಬ್ಬರೇ. ಅರ್ಧ ದಾರಿ ಬಂದಾಗಿತ್ತು.

"ಅಪ್ಪ, ಯೂ ಮೂವ್ಡ್ ದ ಲೈನ್," ಎಂದ ಸುಮಂತ. "ನಾನು ಡೈಲಿ ಅಲ್ಲೇ ಓಡೋದು. ನಂಗೆ ಗೊತ್ತಾಗಲ್ವಾ?"

ಮಧ್ವರಾಜರು ಕಾರಿನ ವೇಗ ತಗ್ಗಿಸಿದರು. "ಕೆಸರಿತ್ತು ಮಗಾ. ನಿನ್ನ ಮಂಡಿ..."

"ಐ ನೋ."

"ಮತ್ತೆ ಚೆಂಡು ಹೊರಗೆ ಹೋದದ್ದು? ಅದೂ ಗೊತ್ತಾಗಿತ್ತಾ?"

"ಗೊತ್ತಾಯ್ತು. ಬೇರೆ ಯಾರಾದ್ರೂ ಇದ್ದಿದ್ರೆ ಆಕಾಶ ನೋಡ್ತಿದ್ರು, ನಾನೇ ನಿಂತ್ಬಿಡ್ತಿದ್ದೆ," ಎಂದ ಸುಮಂತ, ಮುಂದಿನ ರಸ್ತೆ ನೋಡುತ್ತಲೇ. "ಬಟ್ ಇಟ್ ವಾಸ್ ಯೂ, ಅಪ್ಪ. ಸೋ ಐ ಕೆಪ್ಟ್ ರನ್ನಿಂಗ್."

ಮಧ್ವರಾಜರು ಕಾರನ್ನು ಬದಿಗೆ ನಿಲ್ಲಿಸಿದರು. ಕ್ಲಬ್ಬು ಹೋಯಿತೆಂದಾಗ ಬಾರದ ಅಳು ಈಗ ಬಂತು. ಸುಮಂತ ಇಳಿದು ಬಂದು, ಅಪ್ಪನನ್ನು ಪಕ್ಕದ ಸೀಟಿಗೆ ಸರಿಸಿ, ತಾನೇ ಕಾರು ಓಡಿಸಿದ.